ಶಿರಾಕ್ಕೆ ವಿಮಾನ ಬಂದರೆ ಬಾಡಿಗೆ ಯಾರಿಗೆ?

ದಮ್ಮಾಮಿನಿಂದ ಮಾಮು ಬರುವ ದಿನ ನಾವು ಮಧ್ಯರಾತ್ರಿಯೇ ಶಿರಾ ಬಿಟ್ಟು ದೇವನಹಳ್ಳಿಗೆ ಹೊರಡಬೇಕು. ಹಾಗಾಗಿ ಬೆಂಗಳೂರಿನ ಎರಡನೇ ವಿಮಾನ ನಿಲ್ದಾಣ ಶಿರಾ ಬಳಿ ಆಗಲಿ ಎಂದು ನಮ್ಮ ಶಾಸಕರಾದ ಟಿ.ಬಿ. ಜಯಚಂದ್ರ ಅವರು ಕೇಳಿದಾಗ ನನಗೂ ಖುಷಿಯಾಯಿತು. ಆದರೆ ಅವಸರವಿಲ್ಲ. ಕೆಂಪೇಗೌಡ ನಿಲ್ದಾಣ ಶುರುವಾದದ್ದು 2008ರಲ್ಲಿ. ಅಲ್ಲಿಂದ 25 ವರ್ಷ, ಅಂದರೆ 2033ರವರೆಗೆ, 150 ಕಿ.ಮೀ. ಒಳಗೆ ಇನ್ನೊಂದು ಅಂತರರಾಷ್ಟ್ರೀಯ ನಿಲ್ದಾಣ ಬರಕೂಡದೆಂದು ಒಪ್ಪಂದವಿದೆ (ಮೈಸೂರು, ಹಾಸನಕ್ಕೆ ಮಾತ್ರ ವಿನಾಯಿತಿ). ಏಕಸ್ವಾಮ್ಯದ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕೆ?

ಅಷ್ಟರೊಳಗೆ ಜಮೀನಿನ ಮಾತು ಇತ್ಯರ್ಥವಾಗಲಿ. ದೇವನಹಳ್ಳಿಯ ಸುಮಾರು 4,000 ಎಕರೆಯನ್ನು ನಿಲ್ದಾಣದ ಕಂಪನಿಗೆ ಗುತ್ತಿಗೆ ಕೊಟ್ಟಿರುವುದು ಸರ್ಕಾರ, ರೈತರಲ್ಲ. ನಮ್ಮ ಪಾವಗಡದ ತಿರುಮಣಿ ಸೋಲಾರ್ ಪಾರ್ಕಿನಲ್ಲಿ ಹಾಗಲ್ಲ. ಅಲ್ಲಿನ ಸುಮಾರು 13,000 ಎಕರೆಯಲ್ಲಿ ಬಹುಪಾಲು ರೈತರ ಹೆಸರಲ್ಲೇ ಇದೆ. ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಶುರುವಾದ ಬಾಡಿಗೆ ಎರಡು ವರ್ಷಕ್ಕೊಮ್ಮೆ ಶೇ. 5ರಷ್ಟು ಏರುತ್ತದೆ. ಜಮೀನಿಲ್ಲದ ಕೂಲಿಯವರಿಗೆ ಆ ಬಾಡಿಗೆ ಇಲ್ಲ, ಅದೂ ನಿಜ. ಆದರೂ ರನ್‌ವೇಗೆ ಇದೇ ಲೆಕ್ಕ ಯಾಕಾಗಬಾರದು?

ಮನೆಯಲ್ಲಿ ಇದನ್ನೇ ಹೇಳಿದೆ. “ನಮ್ಮ ಎರಡೆಕರೆ ಕಡ್ಲೆಕಾಯಿ ಹೊಲ ಕೇಳೋಕೆ ಬಂದರೆ ಕರಾರುಪತ್ರ ನೀನೇ ಓದಬೇಕು” ಅಂದರು ಅಬ್ಬಾ.