ಕುಡಿತ ಬಿಟ್ಟವನಿಗೆ ಊರಿನ ಜೊತೆ ಬೇಕು

ಕಾರ್ತಿಕ ಮಾಸ ಬಂತೆಂದರೆ ನಮ್ಮ ಕಂಬಂ ಕಣಿವೆಯಲ್ಲಿ ಒಂದು ಸಂಗತಿಯನ್ನು ಯಾರು ಬೇಕಾದರೂ ನೋಡಬಹುದು. ಕುಮುಳಿ ಘಟ್ಟದ ದಾರಿಯಾಗಿ ಶಬರಿಮಲೆಗೆ ಹೋಗುವ ನೆರೆಯ ಹಿಂದೂ ಸಹೋದರರು ಮಾಲೆ ಹಾಕಿಕೊಳ್ಳುತ್ತಾರೆ. ವರ್ಷವೆಲ್ಲ ಕುಡಿದವನೂ 41 ದಿನ ಅದನ್ನು ಮುಟ್ಟುವುದಿಲ್ಲ. ತಪಸ್ಸುಕಾಲದಲ್ಲಿ ನಮ್ಮವರಲ್ಲಿಯೂ ಹಾಗೆ ಬಿಡುವವರುಂಟು. ದೇವರ ಭಯವೇ ಇದಕ್ಕೆ ಕಾರಣವೆಂದು ಹೇಳಿ ಸುಮ್ಮನಾಗುತ್ತೇವೆ. ಆದರೆ ಇನ್ನೊಂದು ಕಾರಣವೂ ಇದೆ. ಮಾಲೆ ಹಾಕಿದವನ ಮುಂದೆ ಯಾರೂ ಗ್ಲಾಸು ಚಾಚುವುದಿಲ್ಲ. ಹಳೆಯ ಗೆಳೆಯರೂ ಅವನನ್ನು ‘ಸ್ವಾಮಿ’ ಎಂದು ಕರೆದು ದೂರ ಸರಿಯುತ್ತಾರೆ. ವ್ರತ ಅವನದು, ಕಾಯುವುದು ಇಡೀ ಊರು. ಮಾಲೆ ತೆಗೆದ ಮರುದಿನ ಅದೇ ಗೆಳೆಯರು ಅದೇ ಮೂಲೆಯಲ್ಲಿ ಕಾದಿರುತ್ತಾರೆ.

ಕುಡಿತವನ್ನು ಪೂರ್ತಿಯಾಗಿ ಬಿಡಲು ಹೊರಟವನ ಕೊರಳಲ್ಲಿ ಮಾಲೆ ಇರುವುದಿಲ್ಲ. ನಾವು ಅವನಿಗೆ ಕೊಡುವುದು ಬುದ್ಧಿಮಾತು ಮಾತ್ರ. ಇಲ್ಲವೇ, ‘ನೋಡೋಣ, ಎಷ್ಟು ದಿನ?’ ಎಂಬ ನಗು. ಈ ನಗುವೇ ಎಷ್ಟೋ ಮಂದಿಯನ್ನು ಮತ್ತೆ ಅಂಗಡಿಗೆ ಕಳುಹಿಸಿದೆ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಮೊದಲು ಆರೋಗ್ಯದ ವಿಷಯ. ಅನೇಕ ವರ್ಷ ದಿನವೂ ಹೆಚ್ಚಾಗಿ ಕುಡಿದವನು ಹರಕೆ ಹೊತ್ತು ಒಂದೇ ದಿನದಲ್ಲಿ ನಿಲ್ಲಿಸಿದರೆ ಕೆಲವು ಗಂಟೆಗಳಲ್ಲೇ ಕೈನಡುಕ, ಬೆವರು, ವಾಂತಿ ಶುರುವಾಗುತ್ತದೆ. ಮೊದಲ ಎರಡು ದಿನಗಳಲ್ಲಿ ಫಿಟ್ಸ್ ಬರಬಹುದು. ಎರಡರಿಂದ ನಾಲ್ಕನೆಯ ದಿನದೊಳಗೆ ಕೆಲವರಿಗೆ ಬುದ್ಧಿ ಕಲಕಿ, ಇಲ್ಲದ್ದು ಕಾಣತೊಡಗುತ್ತದೆ. ಇದು ದೆವ್ವದ ಕಾಟವಲ್ಲ, ಪ್ರಾಣಕ್ಕೇ ಅಪಾಯವಾದ ಕಾಯಿಲೆ. ಮಂತ್ರವಾದಿಯ ಬಳಿಗೆ ಹೋಗದೆ, ತೇನಿ ಅಥವಾ ದಿಂಡಿಗಲ್ಲಿನ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆಗೆ ಕರೆದುಕೊಂಡು ಹೋಗಬೇಕು. ಬಿಡುವ ಮೊದಲೇ ವೈದ್ಯರನ್ನು ಕಾಣುವುದು ಇನ್ನೂ ಒಳ್ಳೆಯದು. ಬಿ-1 ಜೀವಸತ್ವ ಮತ್ತು ಕೆಲವು ದಿನಗಳ ಔಷಧದಿಂದ ಈ ಘಟ್ಟವನ್ನು ಕ್ಷೇಮವಾಗಿ ದಾಟಬಹುದು. ಇನ್ನೊಂದು ಮಾತು ಮನೆಯ ಹೆಂಗಸರಿಗೆ: ಕುಡಿತ ಬಿಡಿಸುವ ಮಾತ್ರೆಯನ್ನು ಗಂಡನಿಗೆ ತಿಳಿಸದೆ ಸಾರಿನಲ್ಲಿ ಬೆರೆಸಬೇಡಿ. ಡೈಸಲ್ಫಿರಾಮ್ ತಿಂದವನು ತಿಳಿಯದೆ ಕುಡಿದರೆ ರಕ್ತದೊತ್ತಡ ಕುಸಿದು ಸಾಯಲೂಬಹುದು.

ಆಸ್ಪತ್ರೆಯಿಂದ ಬಂದ ಮೇಲೆ ನಿಜವಾದ ಕಷ್ಟ. ಮೊದಲ ಮೂರು ತಿಂಗಳು ನಿದ್ದೆ ಸರಿಯಾಗಿ ಬಾರದು, ಸಿಟ್ಟು ಬೇಗ ಬರುತ್ತದೆ, ಮಾಡಿದ ಸಾಲವೆಲ್ಲ ಈಗ ತಿಳಿಯಾದ ಕಣ್ಣಿಗೆ ಕಾಣುತ್ತದೆ. ಇಂಥ ಹೊತ್ತಿನಲ್ಲಿ ತೋಟಕ್ಕೆ ಹೊಡೆಯುವ ಕ್ರಿಮಿನಾಶಕವನ್ನು ಮಂಚದ ಕೆಳಗೆ ಇಡುವುದು ಬೇಡವೇ ಬೇಡ. ಅದನ್ನು ಬೇರೆಯವರ ಕೈಯಲ್ಲಿ, ಬೀಗದೊಳಗೆ ಇಡಿ. ಔಷಧಿ ಹೊಡೆದ ಆಯಾಸಕ್ಕೆ, ವಿಷ ಇಳಿಯುವುದಕ್ಕೆ ಒಂದು ಕ್ವಾರ್ಟರ್ ಬೇಕೆಂಬುದೂ ಶುದ್ಧ ಸುಳ್ಳು. ಸೋಪು ಹಾಕಿ ಸ್ನಾನ ಮಾಡಿ ಬಟ್ಟೆ ಬದಲಿಸಿದರೆ ಮೈಗೆ ಅಂಟಿದ್ದು ಹೋಗುತ್ತದೆ. ತಲೆಸುತ್ತು ಬಂದರೆ ಆಸ್ಪತ್ರೆಗೆ ಹೋಗಬೇಕೇ ಹೊರತು ಅಂಗಡಿಗಲ್ಲ.

ದಿನದಲ್ಲಿ ಅತಿ ಕಷ್ಟದ ವೇಳೆ ಸಂಜೆ. ದ್ರಾಕ್ಷಿ ಚಪ್ಪರದ ಕೆಳಗೆ ಹಗಲೆಲ್ಲ ಕೈ ಮೇಲೆತ್ತಿ ಕೆಲಸ ಮಾಡಿದವನ ಹೆಗಲು ನೋಯುತ್ತದೆ, ಹೊಟ್ಟೆ ಹಸಿದಿರುತ್ತದೆ, ಜೇಬಿನಲ್ಲಿ ಅಂದಿನ ಕೂಲಿ ಇರುತ್ತದೆ, ಅಂಗಡಿ ದಾರಿಯಲ್ಲೇ ಇರುತ್ತದೆ. 2003ರಿಂದ ಚಿಲ್ಲರೆ ಮದ್ಯ ಮಾರುವುದು ಸರ್ಕಾರದ ನಿಗಮವೇ. 2023ರಲ್ಲಿ 500 ಅಂಗಡಿ ಮುಚ್ಚಿದರು, ಸಂತೋಷ. ಉಳಿದವೂ ಮುಚ್ಚಲೆಂದು ಬಿಟ್ಟವನು ಕಾದು ಕೂರಲಾಗದು. ಆ ಎರಡು ಮೂರು ಗಂಟೆ ಅವನ ಜೊತೆಗೆ ಒಬ್ಬರು ಇರಬೇಕು. ಉಪದೇಶ ಬೇಡ. ಜೊತೆಯಲ್ಲಿ ಮನೆವರೆಗೆ ನಡೆದರೆ ಸಾಕು, ಬೇರೆ ದಾರಿಯಾದರೆ ಮತ್ತೂ ಒಳ್ಳೆಯದು. ಮನೆ ತಲುಪಿದ ಕೂಡಲೇ ಏನಾದರೂ ತಿನ್ನಲು ಕೊಡಿ. ಹೊಟ್ಟೆ ತುಂಬಿದಾಗ ಆಸೆ ಅರ್ಧ ಇಳಿಯುತ್ತದೆ.

ಪೂಜ್ಯ ಮ್ಯಾಟ್ ಟಾಲ್ಬಟ್ ಎಂಬ ಡಬ್ಲಿನ್ ನಗರದ ಕೂಲಿಕಾರನ ಕಥೆ ಇಲ್ಲಿ ನೆನಪಾಗುತ್ತದೆ. 1884ರಲ್ಲಿ, 28ನೆಯ ವಯಸ್ಸಿನಲ್ಲಿ, ಕೈಯಲ್ಲಿ ಕಾಸಿಲ್ಲದೆ ಅಂಗಡಿಯ ಹತ್ತಿರ ನಿಂತಿದ್ದ. ತಾನು ಎಷ್ಟೋ ಬಾರಿ ಕುಡಿಸಿದ್ದ ಗೆಳೆಯರು ಅಂದು ಅವನನ್ನು ಒಳಗೆ ಕರೆಯಲಿಲ್ಲ. ಮನೆಗೆ ಬಂದು ತಾಯಿಗೆ ತಿಳಿಸಿ, ಗುರುಗಳ ಮುಂದೆ ಪ್ರತಿಜ್ಞೆ ಮಾಡಿದ. ಗಮನಿಸಿ, ಮೊದಲ ಪ್ರತಿಜ್ಞೆ ಮೂರೇ ತಿಂಗಳಿಗೆ! ಆಮೇಲೆ ಆರು ತಿಂಗಳು, ಆಮೇಲೆ ಜೀವಮಾನ. ಜೇಬಿನಲ್ಲಿ ದುಡ್ಡು ಇಟ್ಟುಕೊಳ್ಳುವುದನ್ನೇ ಬಿಟ್ಟ, ಸಂಜೆಗಳನ್ನು ದೇವಾಲಯಗಳಲ್ಲಿ ಕಳೆದ. 1925ರಲ್ಲಿ ಬಲಿಪೂಜೆಗೆ ನಡೆದು ಹೋಗುವಾಗ ರಸ್ತೆಯಲ್ಲೇ ತೀರಿಕೊಂಡ. 1975ರಲ್ಲಿ ಧರ್ಮಸಭೆ ಅವನನ್ನು ಪೂಜ್ಯನೆಂದು ಸಾರಿತು. ಜೀವಮಾನದ ಪ್ರತಿಜ್ಞೆಯನ್ನು ಮೊದಲ ದಿನವೇ ಕೇಳುವ ನಮ್ಮ ಉತ್ಸಾಹಿಗಳು ಇದನ್ನು ಗಮನಿಸಿದರೆ ಒಳಿತು.

ಅಮೆರಿಕದ ಅಕ್ರಾನ್ ನಗರದಲ್ಲಿ 1935ರಲ್ಲಿ ಇಬ್ಬರು ಕುಡುಕರು ಪರಸ್ಪರ ಮಾತಾಡಿಕೊಂಡದ್ದರಿಂದ ‘ಆಲ್ಕೊಹಾಲಿಕ್ಸ್ ಅನಾನಿಮಸ್’ ಹುಟ್ಟಿತು. ಅಲ್ಲಿನ ಸಂತ ತೋಮಸರ ಆಸ್ಪತ್ರೆಯಲ್ಲಿ ಸಿಸ್ಟರ್ ಇಗ್ನೇಷಿಯಾ, ಗುಣವಾಗಿ ಹೊರಡುವ ಪ್ರತಿಯೊಬ್ಬನ ಕೈಗೆ ಯೇಸುವಿನ ಪವಿತ್ರ ಹೃದಯದ ಒಂದು ಪದಕ ಕೊಡುತ್ತಿದ್ದರು. ಮತ್ತೆ ಕುಡಿಯುವುದಾದರೆ, ಮೊದಲು ಇಲ್ಲಿಗೆ ಬಂದು ಇದನ್ನು ಹಿಂತಿರುಗಿಸಬೇಕೆಂಬುದು ಕರಾರು. ಅಂದರೆ ಕುಡಿಯುವ ಮೊದಲು ಒಬ್ಬರ ಮುಖ ನೋಡಬೇಕು. ಅದೇ ಕೀಲಿ. ನಮ್ಮ ನಾಡಿನಲ್ಲಿ ಶಾಂತಿ ರಂಗನಾಥನ್ ಅವರು 1980ರಲ್ಲಿ ಚೆನ್ನೈನಲ್ಲಿ ಕಟ್ಟಿದ ಟಿ.ಟಿ. ರಂಗನಾಥನ್ ಸಂಸ್ಥೆ, 1989ರಿಂದ ತಿರುವಾರೂರು ಕಡೆಯ ಮಂಜಕ್ಕುಡಿ ಹಳ್ಳಿಯಲ್ಲಿಯೇ ಶಿಬಿರ ನಡೆಸಿತು. ಕರ್ನಾಟಕದಲ್ಲಿ ಧರ್ಮಸ್ಥಳದ ಯೋಜನೆಯವರು ಮದ್ಯವರ್ಜನ ಶಿಬಿರ ಮುಗಿದ ಮೇಲೆ, ಬಿಟ್ಟವರನ್ನೇ ‘ನವಜೀವನ ಸಮಿತಿ’ಗಳಾಗಿ ಸೇರಿಸುತ್ತಾರೆ. ಶಿಬಿರ ಕೆಲವು ದಿನದ್ದು, ಸಮಿತಿ ಮುಂದುವರಿಯುವಂಥದ್ದು. ನಮ್ಮ ಧರ್ಮಕೇಂದ್ರದಲ್ಲಿ ಭಾನುವಾರದ ಪೂಜೆಯ ನಂತರ ಇಂಥವರು ನಾಲ್ಕು ಜನ ಕುಳಿತುಕೊಳ್ಳಲು ಒಂದು ಕೋಣೆ ಇಲ್ಲವೇ? ಪೇಟೆಯ ಸಭೆಗಳಲ್ಲಿ ತಮಿಳು ನಡೆಯುತ್ತದೆ, ನಮಗೆ ಅದು ಕಷ್ಟವಲ್ಲ. ಆದರೂ ಹೆಂಡತಿಯ ಮೇಲೆ ಕೈ ಎತ್ತಿದ್ದನ್ನು ಒಪ್ಪಿಕೊಳ್ಳುವ ಮಾತು ಅವ್ವನ ಜೊತೆ ಆಡಿದ ಕನ್ನಡದಲ್ಲಿಯೇ ಸಲೀಸಾಗಿ ಬರುತ್ತದೆ.

ತೋಟದ ಯಜಮಾನರಿಗೆ ಒಂದು ಬಿನ್ನಹ. ಕುಡಿತ ಬಿಟ್ಟ ಆಳಿನ ಕೂಲಿಯನ್ನು, ಅವನ ಒಪ್ಪಿಗೆ ಕೇಳಿ, ಸಂಜೆಯ ಬದಲು ಬೆಳಿಗ್ಗೆ ಕೊಡಿ. ಇಲ್ಲವೇ ಮನೆಯಾಕೆಯ ಬ್ಯಾಂಕ್ ಖಾತೆಗೆ ಹಾಕಿ. ನಮ್ಮ ಪನ್ನೀರ್ ದ್ರಾಕ್ಷಿ ವರ್ಷವಿಡೀ ಕೊಯ್ಲಿಗೆ ಬರುವ ಹಣ್ಣು, 1832ರಲ್ಲಿ ಫ್ರೆಂಚ್ ಪಾದ್ರಿಯೊಬ್ಬರು ತಂದದ್ದೆಂದು ಹೇಳುತ್ತಾರೆ. 2023ರಲ್ಲಿ ಅದಕ್ಕೆ ಭೌಗೋಳಿಕ ಗುರುತೂ ಸಿಕ್ಕಿತು. ಒಳ್ಳೆಯ ಬೆಲೆ ಬಂದ ದಿನ ಕೊಯ್ದವರಿಗೆಲ್ಲ ಬಾಟಲಿ ಕೊಡಿಸುವ ರೂಢಿ ಇದ್ದಲ್ಲಿ ಬಿರಿಯಾನಿ ಕೊಡಿಸಿ. ತೇರಿನ ಹಬ್ಬದ ರಾತ್ರಿ ಬಿಟ್ಟವನಿಗೆ ದೀಪದ ಕೆಲಸವೋ ಊಟ ಬಡಿಸುವ ಕೆಲಸವೋ ವಹಿಸಿ. ಕೈ ಖಾಲಿ ಬಿಡಬೇಡಿ. ಪರಮಪ್ರಸಾದದ ಬಗ್ಗೆ ಕೆಲವರಿಗೆ ಅಂಜಿಕೆ: ರೊಟ್ಟಿಯ ರೂಪದಲ್ಲಿ ಮಾತ್ರ ಸ್ವೀಕರಿಸಿದರೂ ಕ್ರಿಸ್ತನನ್ನು ಪೂರ್ಣವಾಗಿಯೇ ಸ್ವೀಕರಿಸಿದಂತೆ. ರಸದ ಪಾತ್ರೆಯನ್ನು ಮುಟ್ಟಬೇಕಾಗಿಲ್ಲ.

ಬಿಟ್ಟವನು ಒಂದು ದಿನ ಜಾರಿದರೆ? ಜಾರಬಹುದು. ಅನೇಕರು ಜಾರಿದ ಮೇಲೆಯೇ ನಿಂತಿದ್ದಾರೆ. ಅಂದು ಬಾಗಿಲು ಹಾಕಬೇಡಿ, ಜಗಳವನ್ನೂ ಮಾಡಬೇಡಿ. ಮರುದಿನ ಬೆಳಿಗ್ಗೆ ನಿಶೆ ಇಳಿದ ಮೇಲೆ ವೈದ್ಯರ ಬಳಿಗೆ, ಜೊತೆಗಾರರ ಬಳಿಗೆ ಕರೆದುಕೊಂಡು ಹೋಗಿ. ಆದರೆ ಮನೆಯಲ್ಲಿ ಹೊಡೆತ ಬಡಿತ ಇದ್ದರೆ ಹೆಂಡತಿ ಮಕ್ಕಳು ಮೊದಲು ಸುರಕ್ಷಿತ ಜಾಗಕ್ಕೆ ಹೋಗಬೇಕು. ತಾಳ್ಮೆ ಎಂದರೆ ಪೆಟ್ಟು ತಿನ್ನುವುದಲ್ಲ.

ಲಾಜರನ ಪ್ರಸಂಗವನ್ನು ಓದುವಾಗ ಒಂದು ವಿಷಯವನ್ನು ನಾವು ದಾಟಿಬಿಡುತ್ತೇವೆ. ಸತ್ತವನಿಗೆ ಜೀವ ಕೊಟ್ಟದ್ದು ಯೇಸುಸ್ವಾಮಿ. ಕೈಕಾಲಿನ ಕಟ್ಟು ಬಿಚ್ಚುವ ಕೆಲಸವನ್ನು ಮಾತ್ರ ಸುತ್ತ ನಿಂತವರಿಗೆ ಹೇಳಿದರು.

ಕುಡಿತ ಬಿಡುವ ಬಗ್ಗೆ ಸಲಹೆಗೆ 14446ಕ್ಕೆ ಫೋನ್ ಮಾಡಬಹುದು, ದುಡ್ಡಿಲ್ಲ. ಮನಸ್ಸು ತೀರ ಕುಸಿದಾಗ, ರಾತ್ರಿಯಾದರೂ, 14416. ಎರಡನ್ನೂ ಮನೆಯ ಕ್ಯಾಲೆಂಡರಿನ ಮೇಲೆ ದೊಡ್ಡದಾಗಿ ಬರೆದಿಡಿ.