ಉತಾರ ನೋಡಿದಿರಿ, ಜಂತಿ ನೋಡಿದಿರಾ?

2025ರ ಆಗಸ್ಟ್ 31ರಿಂದ ರಾಜ್ಯದಲ್ಲಿ ಆಸ್ತಿ ನೋಂದಣಿ ಶುಲ್ಕ ಶೇ 1ರಿಂದ ಶೇ 2ಕ್ಕೆ ಏರಿತು. ಮುದ್ರಾಂಕ ಶುಲ್ಕ, ಸೆಸ್, ಸರ್ಚಾರ್ಜ್ ಎಲ್ಲ ಕೂಡಿದರೆ ಮನೆ ಬೆಲೆಯ ಸುಮಾರು ಶೇ 7.6ರಷ್ಟು ಸರ್ಕಾರಕ್ಕೆ ಸಲ್ಲುತ್ತದೆ. ಇ-ಖಾತೆ ಇಲ್ಲದೆ ಖರೀದಿ ಪತ್ರ ನೋಂದಣಿಯಾಗದು. ಮಾಲೀಕನ ಫೋಟೊ, ಆಸ್ತಿಯ ಫೋಟೊ, ಅಳತೆ, ಚಕಬಂದಿ ಎಲ್ಲವೂ ಕಂಪ್ಯೂಟರ್ ಸೇರಿವೆ. ಇನ್ನು ಮೋಸಕ್ಕೆ ಜಾಗವಿಲ್ಲ, ಖರೀದಿ ನಿಶ್ಚಿಂತೆ ಎಂಬ ವಾದ ಕೆಲ ತಿಂಗಳಿಂದ ಪತ್ರಿಕೆಗಳಲ್ಲೂ ವೇದಿಕೆಗಳಲ್ಲೂ ಕೇಳಿಬರುತ್ತಿದೆ.

ಈ ವಾದ ಅರ್ಧ ಮಾತ್ರ ಸರಿ. ಮನೆ ಯಾರ ಹೆಸರಿನಲ್ಲಿದೆ ಎಂಬುದನ್ನು ಇ-ಖಾತೆ ಹೇಳುತ್ತದೆ. ಆ ಮನೆ ಮುಂದಿನ ಮಳೆಗಾಲಕ್ಕೆ ನಿಂತಿರುತ್ತದೆಯೇ ಎಂಬುದನ್ನು ಹೇಳುವುದಿಲ್ಲ. ಹಳೆ ಮನೆ ಕೊಳ್ಳುವವರು ಸಂಚಕಾರ ಕೊಡುವ ಮೊದಲೇ ಕಟ್ಟಡವನ್ನು ಬುಡದಿಂದ ಮಾಳಿಗೆಯವರೆಗೆ ಸ್ವತಂತ್ರ ಇಂಜಿನಿಯರ್‌ನಿಂದ ಪೂರ್ತಿ ಪರೀಕ್ಷೆ ಮಾಡಿಸಿ, ಲಿಖಿತ ವರದಿ ಪಡೆಯಲೇಬೇಕು. ಬಾಗಲಕೋಟೆ, ಹುನಗುಂದ, ಇಳಕಲ್‌ಗಳಲ್ಲಿ ಇದು ಜೀವ ಮತ್ತು ಹಣದ ಪ್ರಶ್ನೆ. ಬಾದಾಮಿಯಲ್ಲಿ ಇದಕ್ಕಿಂತ ದೊಡ್ಡದು: ಅಲ್ಲಿ ಗೋಡೆ ಬಿದ್ದರೆ ಮನೆ ಕಟ್ಟುವ ಹಕ್ಕೇ ಹೋಗಬಹುದು.

ಬಹಳ ಮಂದಿ ಪೂರ್ತಿ ಲೆಕ್ಕಕ್ಕೆ ತೆಗೆದುಕೊಳ್ಳದ ಸಂಖ್ಯೆ ಇಲ್ಲಿದೆ: 100 ಮೀಟರ್. ಪ್ರಾಚೀನ ಸ್ಮಾರಕಗಳ ಕಾಯ್ದೆಗೆ 2010ರಲ್ಲಿ ಆದ ತಿದ್ದುಪಡಿಯ ಪ್ರಕಾರ ರಾಷ್ಟ್ರೀಯ ಸಂರಕ್ಷಿತ ಸ್ಮಾರಕದ ಎಲ್ಲೆಯಿಂದ 100 ಮೀಟರ್‌ವರೆಗೆ ನಿಷೇಧಿತ ಪ್ರದೇಶ, ಅದರಾಚೆ ಇನ್ನೂ 200 ಮೀಟರ್ ನಿಯಂತ್ರಿತ ಪ್ರದೇಶ. ಇಷ್ಟನ್ನು ಬಾದಾಮಿಯ ಜನ ಬಲ್ಲರು. ಬಹಳ ಮಂದಿ ಓದದೇ ಬಿಟ್ಟಿರುವುದು ಮುಂದಿನ ಸಾಲನ್ನು. ನಿಷೇಧಿತ ಪ್ರದೇಶದಲ್ಲಿ 1992ರ ಜೂನ್ 16ಕ್ಕೂ ಮೊದಲು ಇದ್ದ ಮನೆಯನ್ನು ಅನುಮತಿ ಪಡೆದು ದುರಸ್ತಿ ಮಾಡಬಹುದು, ನವೀಕರಿಸಬಹುದು. ಆದರೆ ದುರಸ್ತಿ ಮತ್ತು ನವೀಕರಣದ ವ್ಯಾಖ್ಯೆಯಿಂದ ಮರುನಿರ್ಮಾಣವನ್ನು ಕಾಯ್ದೆ ಸ್ಪಷ್ಟವಾಗಿ ಹೊರಗಿಟ್ಟಿದೆ. ಮೊದಲಿದ್ದ ಅಳತೆ, ಮೊದಲಿದ್ದ ಎತ್ತರದಲ್ಲೇ ಮತ್ತೆ ಕಟ್ಟುತ್ತೇನೆ ಎಂದರೂ ಅದು ಮರುನಿರ್ಮಾಣವೇ. ಅದಕ್ಕೆ ಅವಕಾಶ ಇರುವುದು 100 ಮೀಟರ್ ಆಚೆಯ ನಿಯಂತ್ರಿತ ಪ್ರದೇಶದಲ್ಲಿ, ಅದೂ ಅನುಮತಿಯ ಮೇಲೆ. ಮೀರಿ ಕಟ್ಟಿದರೆ ಎರಡು ವರ್ಷದವರೆಗೆ ಜೈಲು, ಒಂದು ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡೂ.

ಇದರ ಅರ್ಥವನ್ನು ಕೊಳ್ಳುವವರು ನಿಧಾನವಾಗಿ ಮನಸ್ಸಿಗೆ ತಂದುಕೊಳ್ಳಬೇಕು. ಬೇರೆ ಊರಿನಲ್ಲಿ ಹಳೆ ಮನೆ ಕೊಳ್ಳುವವರು ‘ಗೋಡೆ ಹೋದರೆ ಹೋಗಲಿ, ಜಾಗ ಉಳಿಯುತ್ತದೆ’ ಎಂದು ಲೆಕ್ಕ ಹಾಕುತ್ತಾರೆ. ಅಗಸ್ತ್ಯ ತೀರ್ಥದ ಆಸುಪಾಸಿನಲ್ಲಿ, ಗುಡ್ಡಗಳ ಬುಡದ ಓಣಿಗಳಲ್ಲಿ ಈ ಲೆಕ್ಕ ನಡೆಯದು. ಅಲ್ಲಿ ನಿಂತಿರುವ ಗೋಡೆಯೇ ಹಕ್ಕು. ಗೋಡೆ ನೆಲಕ್ಕೆ ಬಿದ್ದ ದಿನ ಕೊಂಡವನ ಕೈಯಲ್ಲಿ ಉಳಿಯುವುದು ಕಟ್ಟಲಾಗದ ಜಾಗ. ಐಹೊಳೆಯಲ್ಲಿ ಗುಡಿಗಳಿಗೆ ಆತುಕೊಂಡೇ ಮನೆಗಳಿವೆ. ಪಟ್ಟದಕಲ್ಲಿನ ಸುತ್ತಲೂ ಇದೇ ಕಾಯ್ದೆ. ಹೀಗಿರುವಾಗ ಸ್ಮಾರಕದಿಂದ ಮನೆಗೆ ಎಷ್ಟು ಮೀಟರ್, ಗೋಡೆಗೆ ಇನ್ನೆಷ್ಟು ಆಯುಷ್ಯ ಎಂಬ ಎರಡು ಪ್ರಶ್ನೆಗಳಿಗೆ ಉತ್ತರವಿಲ್ಲದೆ ಬಾದಾಮಿಯಲ್ಲಿ ಹಳೆ ಮನೆಗೆ ಬೆಲೆ ಕಟ್ಟುವುದಾದರೂ ಹೇಗೆ? ಮೊದಲ ಪ್ರಶ್ನೆಯನ್ನು ಕೆಲವರಾದರೂ ಕೇಳುತ್ತಾರೆ. ಎರಡನೆಯದನ್ನು ಕೇಳುವವರೇ ಇಲ್ಲ.

ಮೋಸವಾದರೆ ಕೋರ್ಟಿದೆಯಲ್ಲ ಎನ್ನುವವರು 1882ರ ಆಸ್ತಿ ವರ್ಗಾವಣೆ ಕಾಯ್ದೆಯ 55ನೇ ಕಲಮನ್ನು ಓದಬೇಕು. ಮಾರುವವನು ತನಗೆ ಗೊತ್ತಿರುವ, ಕೊಳ್ಳುವವನಿಗೆ ಗೊತ್ತಿಲ್ಲದ ಗಂಭೀರ ದೋಷವನ್ನು ತಿಳಿಸಬೇಕು. ತಿಳಿಸದಿದ್ದರೆ ಅದು ವಂಚನೆ ಎಂದು ಆ ಕಲಮು ಹೇಳುತ್ತದೆ. ಆದರೆ ಅದಕ್ಕೊಂದು ಷರತ್ತಿದೆ: ಕೊಳ್ಳುವವನು ಸಾಮಾನ್ಯ ಎಚ್ಚರಿಕೆ ವಹಿಸಿದರೂ ಕಂಡುಹಿಡಿಯಲಾಗದ ದೋಷವಾಗಿರಬೇಕು. 1872ರ ಕರಾರು ಕಾಯ್ದೆಯ 19ನೇ ಕಲಮಿನ ವಿನಾಯಿತಿಯೂ ಇದನ್ನೇ ಹೇಳುತ್ತದೆ: ಸತ್ಯ ತಿಳಿಯುವ ಸಾಧನ ಕೈಯಲ್ಲಿದ್ದೂ ನೋಡದವನು ಎದುರಿನವನ ಮೌನವನ್ನು ಮುಂದಿಟ್ಟು ಕರಾರು ಮುರಿಯಲಾರ. ಮೇಲಾಗಿ ‘ಕಟ್ಟಡವನ್ನು ಕಣ್ಣಾರೆ ನೋಡಿ ಸಮಾಧಾನಪಟ್ಟು ಖರೀದಿಸಿರುತ್ತೇನೆ’ ಎಂಬ ಅರ್ಥದ ಸಾಲನ್ನು ಖರೀದಿ ಪತ್ರಗಳಲ್ಲಿ ಸೇರಿಸುವ ರೂಢಿ ಇದೆ. ನೋಡದೆಯೇ ಅದಕ್ಕೆ ಸಹಿ ಹಾಕುತ್ತೇವೆ. ಇನ್ನು ರೇರಾ ಕಾಯ್ದೆ ಕೊಡುವ ಐದು ವರ್ಷದ ರಚನಾ ದೋಷದ ಹೊಣೆ ಹೊಸ ಯೋಜನೆಗಳ ಬಿಲ್ಡರ್‌ಗಳಿಗೆ ಅಂಟುತ್ತದೆಯೇ ಹೊರತು ಅಜ್ಜನ ಕಾಲದ ಮನೆ ಮಾರುವವರಿಗಲ್ಲ. ಒಟ್ಟಿನಲ್ಲಿ ಪರೀಕ್ಷೆ ಮಾಡಿಸಿದವನ ಕೈಯಲ್ಲಷ್ಟೇ ಪುರಾವೆ ಇರುತ್ತದೆ.

ಹಾಗಾದರೆ ನಮ್ಮ ಭಾಗದ ಮನೆಯಲ್ಲಿ ಏನನ್ನು ನೋಡಬೇಕು? ಮೇಲ್ಮುದ್ದೆಯಿಂದಲೇ ಶುರು ಮಾಡೋಣ. ಮಳೆಗಾಲದ ಮುಂಚೆ ಮಾಳಿಗೆಯ ಮೇಲೆ ಸವಳು ಮಣ್ಣು ಹರಡುವುದು ಹಿರಿಯರ ಜಾಣತನ. ವರ್ಷಕ್ಕೆ 600 ಮಿಲಿಮೀಟರ್ ಒಳಗೆ ಮಳೆ ಬೀಳುವ ಸೀಮೆಗೆ, ಉರಿ ಬೇಸಿಗೆಗೆ ಅದಕ್ಕಿಂತ ಒಳ್ಳೆಯ ಮಾಳಿಗೆ ಇರಲಿಲ್ಲ. ಆದರೆ ಹಳೆಯದನ್ನು ಕೆರೆದು ತೆಗೆಯದೆ ಮೇಲೆ ಮೇಲೆ ಮಣ್ಣು ಹಾಕುತ್ತ ಹೋದ ಮನೆಗಳ ಭಾರವನ್ನು ಲೆಕ್ಕ ಹಾಕಿ. ಒಂದು ಘನ ಮೀಟರ್ ಮಣ್ಣು ಸುಮಾರು 1.6 ಟನ್. 12 ಅಡಿಗೆ 15 ಅಡಿಯ ಕೋಣೆಯ ಮೇಲೆ ಒಂದು ಅಡಿ ದಪ್ಪದ ಮಣ್ಣಿದ್ದರೆ ಎಂಟು ಟನ್. ಅದಕ್ಕೆ ನಾಲ್ಕು ಇಂಚು ಕೂಡಿದರೆ ಇನ್ನೂ 2.7 ಟನ್. ಜಡಿಮಳೆಯಲ್ಲಿ ಮಣ್ಣು ನೀರು ಕುಡಿದರೆ ಮತ್ತಷ್ಟು. ಇಷ್ಟೂ ಭಾರ ಹೊರುವುದು ಜಂತಿಗಳು. ಜಂತಿಯ ನಡುಭಾಗ ಕಣ್ಣಿಗೆ ಕಾಣುತ್ತದೆ, ಗಟ್ಟಿಯಾಗಿಯೇ ಕಾಣುತ್ತದೆ. ಕೊಳೆಯುವುದೂ ಗೆದ್ದಲು ಹಿಡಿಯುವುದೂ ಗೋಡೆಯೊಳಗೆ ಹುದುಗಿದ ತುದಿಗಳು. ಅಲ್ಲಿ ಗಾರೆ ಬಿಡಿಸಿ, ಉಳಿಯಿಂದ ಚುಚ್ಚಿ ನೋಡದ ಹೊರತು ಯಾವ ಇಂಜಿನಿಯರೂ ಏನೂ ಹೇಳಲಾರ. ಕೆಳಗೆ ಹೊಸದಾಗಿ ಪಿಒಪಿ ಸೀಲಿಂಗ್ ಬಡಿದಿದ್ದರೆ ಅದನ್ನು ಬಿಚ್ಚಿಸಿಯೇ ನೋಡಬೇಕು.

ಗೋಡೆಯ ಕಥೆ ಬೇರೆ. ನಮ್ಮ ಕಲ್ಲುಗೋಡೆಗೆ ಒಳಮೈ, ಹೊರಮೈ ಎಂದು ಎರಡು ಸಾಲು ಕಲ್ಲು, ನಡುವೆ ಮಣ್ಣು ಮತ್ತು ಚೂರುಕಲ್ಲು. ಎರಡೂ ಮೈಗಳನ್ನು ಬೆಸೆಯುವ ಉದ್ದ ಕಲ್ಲುಗಳಿಲ್ಲದಿದ್ದರೆ ನೀರು ಇಳಿದಾಗ ಒಂದು ಮೈ ಕಳಚಿಕೊಳ್ಳುತ್ತದೆ. ‘ಗೋಡಿ ಹೊಟ್ಟಿ ಬಿಟ್ಟೈತಿ’ ಎಂದು ಗೌಂಡಿಗಳು ಹೇಳುವುದು ಇದನ್ನೇ. 1993ರ ಸೆಪ್ಟೆಂಬರ್ 30ರಂದು ಮಹಾರಾಷ್ಟ್ರದ ಕಿಲ್ಲಾರಿ ಭೂಕಂಪದಲ್ಲಿ ಹತ್ತಿರ ಹತ್ತು ಸಾವಿರ ಜನರ ಜೀವ ತೆಗೆದದ್ದು ಇಂಥದೇ ಗೋಡೆ, ಇಂಥದೇ ಮಣ್ಣಿನ ಮಾಳಿಗೆ. ನಮ್ಮಲ್ಲಿ ಅಂಥ ಭೂಕಂಪದ ಭಯ ಕಡಿಮೆ ಎನ್ನಬಹುದು. ಆದರೆ 2009ರಲ್ಲಿ ಭೂಮಿ ನಡುಗಲಿಲ್ಲ, ಮಳೆ ಬಂತು ಅಷ್ಟೆ. ಉತ್ತರ ಕರ್ನಾಟಕದಲ್ಲಿ ಇನ್ನೂರಕ್ಕೂ ಹೆಚ್ಚು ಜನ ಸತ್ತರು, ಅವರಲ್ಲಿ ಅನೇಕರ ಮೇಲೆ ಬಿದ್ದದ್ದು ಮನೆಯ ಗೋಡೆ. ಮಣ್ಣಿನ ಗೋಡೆಗೆ ಸಿಮೆಂಟ್ ಪ್ಲಾಸ್ಟರ್ ಮೆತ್ತಿ ಬಣ್ಣ ಬಳಿದ ಮನೆಗಳು ಇನ್ನೂ ಅಪಾಯಕಾರಿ. ಒಳಗೆ ಸೇರಿದ ತೇವ ಹೊರಬರಲಾಗದೆ ಗೋಡೆಯ ಬುಡವನ್ನು ಸಡಿಲಿಸುತ್ತದೆ, ಮೇಲೆ ಮಾತ್ರ ನುಣುಪು.

ಪ್ರತಿ ಊರಿಗೂ ಅದರದೇ ಪ್ರಶ್ನೆಗಳಿವೆ. ಹುನಗುಂದದ ಎರೆ ಮಣ್ಣು ಮಳೆಗೆ ಉಬ್ಬಿ ಬೇಸಿಗೆಗೆ ಬಿರಿಯುತ್ತದೆ. ಕಿಟಕಿಯ ಮೂಲೆಯಿಂದ ಓರೆಯಾಗಿ ಹೊರಟ ಬಿರುಕು ಬುನಾದಿ ಕದಲಿದ್ದರ ಗುರುತು. ಅದಕ್ಕೆ ಸಿಮೆಂಟ್ ತುಂಬಿದರೆ ಬಿರುಕು ಮುಚ್ಚುತ್ತದೆ, ಬುನಾದಿ ನಿಲ್ಲುವುದಿಲ್ಲ. ಹಳೆ ಮನೆಗಳ ನೆಲದಡಿ ಕಾಳು ತುಂಬುತ್ತಿದ್ದ ಹಗೇವುಗಳಿರುತ್ತವೆ. ಬಾಯಿ ಮುಚ್ಚಿ ಟೈಲ್ಸ್ ಹಾಕಿದ ಹಗೇವಿನ ಮೇಲೆ ಹೊಸ ಗೋಡೆ ಎಬ್ಬಿಸಿದರೆ ಏನಾಗುತ್ತದೆ ಎಂದು ವಿವರಿಸಬೇಕಿಲ್ಲ. ಇಳಕಲ್‌ನಲ್ಲಿ ಕುಣಿಮಗ್ಗದ ಕುಣಿಗಳನ್ನು ಹೇಗೆ ತುಂಬಿದ್ದಾರೆ, ವಿದ್ಯುತ್ ಮಗ್ಗ ವರ್ಷಗಟ್ಟಲೆ ನಡುಗಿಸಿದ ಗೋಡೆ ಯಾವುದು ಎಂದು ಕೇಳಬೇಕು. ವಾಟ್ನಿಯಾದ ಮನೆಯಲ್ಲಿ ಒಬ್ಬ ಅಣ್ಣನ ಪಾಲು ಮಾರಾಟಕ್ಕೆ ಬಂದರೆ ತೊಲೆಯ ಇನ್ನೊಂದು ತುದಿ ಯಾರ ಗೋಡೆಯ ಮೇಲಿದೆ ಎಂಬುದು ಉತಾರದಲ್ಲಿ ಸಿಗದು. ಪಕ್ಕದವರು ತಮ್ಮ ಪಾಲನ್ನು ಕೆಡವಿದ ದಿನ ಗೊತ್ತಾಗುತ್ತದೆ.

ಹಳೆ ಬಾಗಲಕೋಟೆಗೆ ಇನ್ನೊಂದು ಅಂಕಿ ಇದೆ. ಆಲಮಟ್ಟಿ ಅಣೆಕಟ್ಟಿನಲ್ಲಿ ಈಗ ನೀರು ನಿಲ್ಲುವ ಮಟ್ಟ 519.60 ಮೀಟರ್. ಕೃಷ್ಣಾ ನೀರು ಹಂಚಿಕೆಯ ಬ್ರಿಜೇಶ್ ಕುಮಾರ್ ನ್ಯಾಯಮಂಡಳಿ 2010ರಲ್ಲಿ ಒಪ್ಪಿದ್ದು 524.256 ಮೀಟರ್. 2025ರ ಸೆಪ್ಟೆಂಬರ್‌ನಲ್ಲಿ ಸಚಿವ ಸಂಪುಟ ಮುಳುಗಡೆ ಭೂಮಿಗೆ ಎಕರೆಗೆ 40 ಲಕ್ಷ ಮತ್ತು 30 ಲಕ್ಷ ರೂಪಾಯಿ ದರ ನಿಗದಿ ಮಾಡಿದ ಮೇಲೆ ಎಲ್ಲರೂ ಪರಿಹಾರದ ಮಾತೇ ಆಡುತ್ತಿದ್ದಾರೆ. ಹಳೆ ಊರಿನಲ್ಲಿ ಮನೆ ಕೊಳ್ಳುವವರು ಆ ಮನೆಯ ಹೊಸ್ತಿಲು ಸಮುದ್ರ ಮಟ್ಟದಿಂದ ಎಷ್ಟು ಮೀಟರ್ ಮೇಲಿದೆ ಎಂದು ಅಳೆಸಿದ್ದಾರೆಯೇ? ಹಿನ್ನೀರಿನಿಂದ ಗೋಡೆಗೆ ಏರುವ ತೇವವನ್ನು ಪರೀಕ್ಷಿಸಿದ್ದಾರೆಯೇ?

ಇಷ್ಟೆಲ್ಲ ಮಾಡಲು ಸಣ್ಣ ಊರಿನಲ್ಲಿ ಯಾರಿದ್ದಾರೆ ಎಂದು ಕೇಳುತ್ತಾರೆ. ಈ ಆಕ್ಷೇಪವನ್ನು ನಾನು ಒಪ್ಪುವುದಿಲ್ಲ. 2019ರ ಆಗಸ್ಟ್‌ನಲ್ಲಿ ಕೃಷ್ಣೆ, ಮಲಪ್ರಭೆ, ಘಟಪ್ರಭೆ ಮೂರೂ ಉಕ್ಕಿದಾಗ ಸರ್ಕಾರದ ಇಂಜಿನಿಯರ್‌ಗಳು ಮನೆ ಮನೆಗೆ ಹೋಗಿ ಹಾನಿ ಅಳೆದರು. ಶೇ 75ಕ್ಕೂ ಹೆಚ್ಚಿದ್ದರೆ ‘ಎ’, ಶೇ 25ರಿಂದ 75 ‘ಬಿ’, ಶೇ 15ರಿಂದ 25 ‘ಸಿ’. ‘ಎ’ಗೆ ಐದು ಲಕ್ಷ, ‘ಸಿ’ಗೆ ಐವತ್ತು ಸಾವಿರ ರೂಪಾಯಿ. ಅಂದರೆ ಹಳೆ ಮನೆಯನ್ನು ನೋಡಿ ಅದರ ಸ್ಥಿತಿಗೆ ದರ್ಜೆ ಕೊಡುವ ಜನರೂ ನಮೂನೆಯೂ ನಮ್ಮಲ್ಲಿವೆ. ಆ ಕೆಲಸವನ್ನು ಮನೆ ಬಿದ್ದ ಮೇಲೆ ಮಾಡುತ್ತೇವೆ. ಬೀಳುವ ಮೊದಲು ಗೋಡೆ ಹೇಗಿತ್ತು ಎಂಬ ದಾಖಲೆ ಇಲ್ಲದಿರುವಾಗ ‘ಬಿ’ ಯಾವುದು, ‘ಸಿ’ ಯಾವುದು ಎಂಬ ತಗಾದೆಯಲ್ಲಿ ಸೋಲುವುದು ಬಡವರೇ. ಖರೀದಿಗೆ ಮೊದಲು ಬರೆಸಿದ ವರದಿ ಮುಂದಿನ ಪ್ರವಾಹದಲ್ಲಿ ಪರಿಹಾರದ ಆಧಾರವೂ ಆದೀತು.

ಖರ್ಚಿನ ಮಾತಿಗೂ ಉತ್ತರ ಇದೆ. 20 ಲಕ್ಷದ ಮನೆಗೆ ಸರ್ಕಾರಕ್ಕೆ ಹೋಗುವುದು 1.52 ಲಕ್ಷ. ಶುಲ್ಕ ಏರಿಕೆಯ ಪಾಲೇ 20 ಸಾವಿರ. ಅದನ್ನು ಚಕಾರ ಎತ್ತದೆ ಕಟ್ಟುವವರು ಒಬ್ಬ ಇಂಜಿನಿಯರ್, ಒಬ್ಬ ಹಿರಿಯ ಗೌಂಡಿ, ಒಬ್ಬ ಬಡಗಿಯನ್ನು ಒಂದು ದಿನ ಕರೆತರಲು ಹಿಂಜರಿಯುವುದು ಸರಿಯಲ್ಲ. ಮೂವರೂ ಬೇಕು. ಸಿಮೆಂಟ್ ಕಟ್ಟಡವನ್ನಷ್ಟೇ ಕಲಿತ ಇಂಜಿನಿಯರ್‌ಗೆ ಮಣ್ಣಿನ ಗೋಡೆ ಹೊಸದು. ದುರಸ್ತಿ ಕೆಲಸ ತನಗೇ ಸಿಗಲಿ ಎಂದು ಬಯಸುವ ಗೌಂಡಿಯೊಬ್ಬನ ಮಾತೂ ಸಾಲದು. ಬ್ಯಾಂಕಿನ ಮೌಲ್ಯಮಾಪಕರ ವರದಿ ಸಾಲದ ಭದ್ರತೆಗಾಗಿ ಬರೆದದ್ದು, ಕೊಳ್ಳುವವರ ಸುರಕ್ಷತೆಗಾಗಿ ಅಲ್ಲ. ಮಾರುವವರು ಒಪ್ಪುವುದಿಲ್ಲ ಎಂಬ ಅಳುಕೂ ಬೇಡ. ಮೊದಲೇ ತೋರಿಸಿದ ದೋಷದ ಬಗ್ಗೆ ಮುಂದೆ ವಂಚನೆಯ ದಾವೆ ನಿಲ್ಲದು; ವರದಿ ಅವರನ್ನೂ ಕಾಯುತ್ತದೆ.

ಪರೀಕ್ಷೆ ಮಾಡಿಸಿದರೆ ಹಳೆ ಮನೆಗಳನ್ನು ಯಾರೂ ಕೊಳ್ಳಲಾರರು ಎಂಬುದು ಕೊನೆಯ ಹೆದರಿಕೆ. ನನಗೆ ಕಾಣುವುದು ತದ್ವಿರುದ್ಧ. ದೋಷ ಗೊತ್ತಿಲ್ಲದವರು ಭಯಪಟ್ಟು ಇಡೀ ಮನೆ ಕೆಡವುತ್ತಾರೆ. ದೋಷ ಗೊತ್ತಾದವರು ನಾಲ್ಕು ಜಂತಿ ಬದಲಿಸಿ, ಹೆಚ್ಚಿನ ಮಣ್ಣು ಇಳಿಸಿ, ಗೋಡೆಗೆ ಬೆಸುಗೆ ಕಲ್ಲು ಕೊಟ್ಟು ಮನೆ ಉಳಿಸಿಕೊಳ್ಳುತ್ತಾರೆ. ಪಡಸಾಲೆ, ಬೆಳಕಿಂಡಿಗಳ ಈ ಮನೆಗಳು ಉಳಿಯಬೇಕೆಂಬ ಆಸೆ ಇರುವವರೇ ಪರೀಕ್ಷೆಯನ್ನು ಮೊದಲು ಕೇಳಬೇಕು.

ಆಗಬೇಕಾದ್ದು ಕಷ್ಟದ್ದೇನಲ್ಲ. ಸಂಚಕಾರ ಕೊಡುವ ಮೊದಲೇ ಕಟ್ಟಡ ಪರೀಕ್ಷೆಗೆ ದಿನ ಗೊತ್ತು ಮಾಡಬೇಕು; ವರದಿಯಲ್ಲಿಲ್ಲದ ಗಂಭೀರ ದೋಷ ಆಮೇಲೆ ಕಂಡರೆ ಮುಂಗಡ ವಾಪಸು ಎಂಬ ಷರತ್ತನ್ನು ಸಂಚಕಾರ ಪತ್ರದಲ್ಲಿ ಬರೆಸಬೇಕು. ಬಾದಾಮಿ ಪುರಸಭೆ ಇ-ಖಾತೆಯಲ್ಲಿ ಸ್ಮಾರಕದಿಂದ ಇರುವ ಅಂತರವನ್ನು ನಮೂದಿಸಬೇಕು. ಬಾಗಲಕೋಟೆಯಲ್ಲಿ ಹೊಸ್ತಿಲಿನ ಮಟ್ಟ ದಾಖಲಾಗಬೇಕು. 1963ರಿಂದ ಇಂಜಿನಿಯರ್‌ಗಳನ್ನು ತಯಾರು ಮಾಡುತ್ತಿರುವ ಬಾಗಲಕೋಟೆಯ ಬಸವೇಶ್ವರ ಇಂಜಿನಿಯರಿಂಗ್ ಕಾಲೇಜಿನ ಸಿವಿಲ್ ವಿಭಾಗದ ನೆರವು ಪಡೆದು ಜಿಲ್ಲಾಡಳಿತ ಹಳೆ ಮನೆಗಳ ತಪಾಸಣೆಗೊಂದು ನಮೂನೆ ರೂಪಿಸಿ, ಅದನ್ನು ಬಲ್ಲ ಇಂಜಿನಿಯರ್‌ಗಳ ಪಟ್ಟಿಯನ್ನು ಪ್ರತಿ ಪುರಸಭೆಯಲ್ಲೂ ಹಾಕಬೇಕು. ಶುಲ್ಕ ದುಪ್ಪಟ್ಟು ಮಾಡಿದ ಸರ್ಕಾರ ಇಷ್ಟಾದರೂ ಮಾಡಲಿ. ಅಲ್ಲಿಯವರೆಗೆ ಕೊಳ್ಳುವವರು ಕಾಯಬೇಕಿಲ್ಲ; ವರದಿ ಕೈಗೆ ಬರುವವರೆಗೆ ಸಂಚಕಾರ ಕೊಡದಿರುವ ಅಧಿಕಾರ ಇಂದೂ ಅವರ ಕೈಯಲ್ಲೇ ಇದೆ.