ಸೀಳು ಅಂಗುಳಿನ ಶಿಶುವೂ ವಾಯುವಿನ ಒತ್ತಡವೂ

ಎಳನೀರಿಗೆ ಕೊಳವೆಯಿಟ್ಟು ಹೀರಿದಾಗ ನೀರು ಏಕೆ ಮೇಲೇರುವುದೆಂದು ವಿದ್ಯಾರ್ಥಿಗಳನ್ನು ಕೇಳಿದರೆ, ‘ನಾವು ಎಳೆಯುತ್ತೇವೆ, ಅದು ಬರುತ್ತದೆ’ ಎಂಬ ಉತ್ತರವೇ ಹೆಚ್ಚಾಗಿ ದೊರೆಯುವುದು. ವಾಸ್ತವವಾಗಿ ನಾವು ಏನನ್ನೂ ಎಳೆಯುವುದಿಲ್ಲ. ಬಾಯಿಯೊಳಗಿನ ಅವಕಾಶವನ್ನು ಹಿಗ್ಗಿಸಿ ಅಲ್ಲಿಯ ಒತ್ತಡವನ್ನು ತಗ್ಗಿಸುತ್ತೇವೆ. ಹೊರಗಿನ ವಾಯುಮಂಡಲವು ದ್ರವವನ್ನು ಒಳಕ್ಕೆ ನೂಕುತ್ತದೆ. ಇದಕ್ಕೊಂದು ನಿಬಂಧನೆಯುಂಟು: ಬಾಯಿಯು ಎಲ್ಲ ಕಡೆಯೂ ಮುಚ್ಚಿರಬೇಕು. ಕೊಳವೆಯಲ್ಲಿ ಸಣ್ಣದೊಂದು ಸೀಳಿದ್ದರೂ ಗಾಳಿ ಬಂದೀತೇ ಹೊರತು ಎಳನೀರು ಬಾರದು.

ಹಾಲು ಕುಡಿಯುವ ಕೂಸು ಈ ತತ್ತ್ವವನ್ನು ಯಾರಿಂದಲೂ ಕಲಿಯದೆ ಆಚರಣೆಗೆ ತರುತ್ತದೆ. ಮುಂದೆ ತುಟಿಗಳು, ಮೇಲೆ ಅಂಗುಳು, ಹಿಂದೆ ಮೂಗಿನ ದಾರಿಯನ್ನು ಅಡ್ಡಗಟ್ಟುವ ಮೆದು ಅಂಗುಳು; ಈ ಮುಚ್ಚಿದ ಕೋಣೆಯಲ್ಲಿ ನಾಲಗೆ ಕೆಳಗಿಳಿದೊಡನೆ ಒತ್ತಡವು ಪಾದರಸದ ಸುಮಾರು ೧೦೦ ಮಿಲಿಮೀಟರಿನಷ್ಟು, ಕೆಲವೊಮ್ಮೆ ಇನ್ನೂ ಹೆಚ್ಚಾಗಿ, ಇಳಿಯುವುದುಂಟು. ಅಂಗುಳೇ ಸೀಳಿದ್ದರೆ ಬಾಯಿಯೂ ಮೂಗೂ ಒಂದೇ ಕೋಣೆಯಾಗುತ್ತವೆ. ಕೂಸು ಚೀಪುತ್ತದೆ, ದವಡೆಯಾಡಿಸುತ್ತದೆ, ನುಂಗುವ ಶಕ್ತಿಯೂ ಸಾಮಾನ್ಯವಾಗಿ ಇರುತ್ತದೆ. ಆದರೆ ಮೂಗಿನಿಂದ ಗಾಳಿ ನುಗ್ಗಿ ಒತ್ತಡವನ್ನು ಸಮಮಾಡಿಬಿಡುವುದರಿಂದ ಹಾಲು ಬರುವುದಿಲ್ಲ. ಗಂಟೆಗಟ್ಟಲೆ ದಣಿದು, ಹಸಿದೇ ನಿದ್ದೆಹೋಗುತ್ತದೆ. ‘ಮಗು ಸುಮ್ಮನಿದೆ’ ಎಂದು ಮನೆಯವರು ಸಮಾಧಾನಪಡುವುದೂ ಉಂಟು. ತುಟಿ ಮಾತ್ರ ಸೀಳಿದ್ದರೆ ಇಷ್ಟು ತೊಡಕಿಲ್ಲ. ಅಂತಹ ಶಿಶುಗಳಲ್ಲಿ ಅನೇಕವು ತಾಯಿಯ ಎದೆಯಿಂದಲೇ ಕುಡಿಯಬಲ್ಲವು.

ಪ್ರಪಂಚದಲ್ಲಿ ಹುಟ್ಟುವ ಸುಮಾರು ೭೦೦ ಶಿಶುಗಳಲ್ಲಿ ಒಂದಕ್ಕೆ ತುಟಿಯಾಗಲಿ ಅಂಗುಳಾಗಲಿ ಎರಡೂ ಆಗಲಿ ಸೀಳಿರುವುದೆಂದು ಅಂದಾಜು. ನಮ್ಮಲ್ಲಿ ಇದರ ಹೊಣೆಯನ್ನು ಗ್ರಹಣಕ್ಕೂ, ಗ್ರಹಣದಲ್ಲಿ ಹೊರಬಂದಳೆಂದು ತಾಯಿಗೂ ಹೊರಿಸುವ ರೂಢಿಯಿದೆ. ಮೇಲ್ದುಟಿಯು ಗರ್ಭದ ಏಳನೆಯ ವಾರದ ಹೊತ್ತಿಗೇ ಕೂಡಿ ಮುಗಿದಿರುತ್ತದೆ. ಅಂಗುಳು ಹನ್ನೆರಡನೆಯ ವಾರದೊಳಗೆ ಮುಚ್ಚುತ್ತದೆ. ಏಳು ತಿಂಗಳ ಗರ್ಭಿಣಿಯನ್ನು ಗ್ರಹಣದ ದಿನ ಕತ್ತಲೆಕೋಣೆಯಲ್ಲಿ ಕೂರಿಸುವವರು ತಿಂಗಳುಗಳ ಹಿಂದೆಯೇ ಮುಗಿದ ಕೆಲಸಕ್ಕೆ ಕಾವಲಿರುತ್ತಾರೆ. ಒಂದು ಚಂದ್ರಗ್ರಹಣ ಭೂಮಿಯ ಅರ್ಧಭಾಗಕ್ಕೆ ಕಾಣುತ್ತದೆ; ೧೯೮೦ರ ಫೆಬ್ರವರಿ ೧೬ರಂದು ಅಂಕೋಲೆಯಿಂದ ರಾಯಚೂರಿನವರೆಗೆ ಪೂರ್ಣ ಸೂರ್ಯಗ್ರಹಣದ ನೆರಳೇ ಹಾದುಹೋಯಿತು. ಆ ನೆರಳು ಚಂದ್ರನದು, ಅಷ್ಟೆ. ಆನುವಂಶಿಕತೆ, ಧೂಮಪಾನ, ಮೂರ್ಛೆರೋಗಕ್ಕೆ ಕೊಡುವ ಕೆಲವು ಔಷಧಿಗಳು ಮೊದಲಾದ ಹಲವು ಕಾರಣಗಳು ಕೂಡಿ ಈ ಸೀಳು ಉಂಟಾಗುವುದೆಂದು ವೈದ್ಯರು ಹೇಳುವರು. ಬಹುಪಾಲು ಶಿಶುಗಳಲ್ಲಿ ಇದೇ ಕಾರಣವೆಂದು ಬೆರಳಿಟ್ಟು ತೋರಿಸಲಾಗದು. ತಾಯಿಯನ್ನು ದೂರುವುದಕ್ಕಂತೂ ಆಧಾರವಿಲ್ಲ.

ನನ್ನ ಆಕ್ಷೇಪಣೆಯಿರುವುದು ಇನ್ನೊಂದು ಕಡೆ. ಸೀಳುತುಟಿಯೆಂದೊಡನೆ ನಮ್ಮ ಪತ್ರಿಕೆಗಳಿಗೂ ದಾನಿಗಳಿಗೂ ಶಸ್ತ್ರಚಿಕಿತ್ಸೆಯೊಂದೇ ನೆನಪಾಗುವುದು. ಮೊದಲಿನ ಚಿತ್ರ, ಅನಂತರದ ಚಿತ್ರ, ನಗುವ ಮಗು. ೨೦೦೯ರಲ್ಲಿ ಆಸ್ಕರ್ ಪಡೆದ ‘ಸ್ಮೈಲ್ ಪಿಂಕಿ’ ಎಂಬ ಸಾಕ್ಷ್ಯಚಿತ್ರವು ಈ ಚಿಕಿತ್ಸೆಯನ್ನು ಮನೆಮಾತಾಗಿಸಿತು; ಅದು ಒಳ್ಳೆಯದೇ ಆಯಿತು. ೨೦೧೩ರಲ್ಲಿ ಪ್ರಾರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ಸೀಳುತುಟಿ, ಸೀಳು ಅಂಗುಳುಗಳು ಸೇರಿರುವುದೂ ಸಂತೋಷದ ವಿಷಯ. ಆದರೆ ತುಟಿಯನ್ನು ಹೊಲಿಯುವುದು ಸಾಮಾನ್ಯವಾಗಿ ಮೂರರಿಂದ ಆರನೆಯ ತಿಂಗಳಲ್ಲಿ, ಅಂಗುಳನ್ನು ಒಂಬತ್ತರಿಂದ ಹದಿನೆಂಟನೆಯ ತಿಂಗಳೊಳಗೆ. ಅಲ್ಲಿಯವರೆಗೆ ಕೂಸು ಬದುಕಿ ಬೆಳೆಯಬೇಕಷ್ಟೆ? ಹತ್ತು ವಾರ ವಯಸ್ಸು, ಹತ್ತು ಪೌಂಡು (ಸುಮಾರು ನಾಲ್ಕೂವರೆ ಕಿಲೋ) ತೂಕ, ನೂರು ಮಿಲಿಲೀಟರು ರಕ್ತದಲ್ಲಿ ಹತ್ತು ಗ್ರಾಂ ಹಿಮೋಗ್ಲೋಬಿನ್ ಎಂಬ ‘ಹತ್ತರ ನಿಯಮ’ವು ಶಸ್ತ್ರವೈದ್ಯರಲ್ಲಿ ಬಹುಕಾಲದಿಂದ ಪ್ರಸಿದ್ಧವಾಗಿದೆ. ಆ ತೂಕವನ್ನು ಗಳಿಸಿಕೊಡುವವಳು ಮನೆಯಲ್ಲಿರುವ ತಾಯಿ. ಆಕೆಗೆ ಹಾಲೂಡಿಸುವ ಕ್ರಮವನ್ನು ಕಲಿಸದೆ, ‘ಆರು ತಿಂಗಳಾದ ಮೇಲೆ ಕರೆತನ್ನಿ’ ಎಂದು ಹೇಳಿ ಕಳುಹಿಸುವುದು ಸೇತುವೆಯನ್ನು ಕಟ್ಟದೆ ಆಚೆ ದಡದಲ್ಲಿ ಛತ್ರ ಕಟ್ಟಿಸಿದಂತೆ. ಹೆರಿಗೆಯಾದ ಆಸ್ಪತ್ರೆಯಿಂದ ಹೊರಡುವ ಮುನ್ನ ತಾಯಿಯ ಕೈಯಿಂದಲೇ ಒಮ್ಮೆಯಾದರೂ ಹಾಲೂಡಿಸಿ ನೋಡುವುದನ್ನು ಕಡ್ಡಾಯ ಮಾಡಬೇಕೆಂಬುದು ನನ್ನ ಅಭಿಪ್ರಾಯ.

ಕಲಿಸತಕ್ಕದ್ದು ಕಠಿನವಾದುದಲ್ಲ. ಹೀರಲಾರದ ಬಾಯಿಗೆ ಹಾಲನ್ನು ನಾವೇ ತಲಪಿಸಬೇಕು. ಹಿಂಡಿಕೊಂಡ ತಾಯಿಹಾಲೇ ಶ್ರೇಷ್ಠ. ಮೆತ್ತನೆಯ ಸೀಸೆಯನ್ನು ಕೂಸಿನ ಚೀಪುವಿಕೆಗೆ ಸರಿಯಾಗಿ ಮೆಲ್ಲಗೆ ಅದುಮುವುದು ಒಂದು ಬಗೆ; ಹಾಲು ಹಿಂದಕ್ಕೆ ಹೋಗದಂತೆ ಕವಾಟವಿರುವ ಸೀಸೆಗಳೂ ಇವೆ. ಇವು ದೊರೆಯದ ಊರಿನಲ್ಲಿ ನಮ್ಮ ಅಜ್ಜಿಯಂದಿರ ಒಳಲೆ ಇದ್ದೇ ಇದೆ. ಕೊಕ್ಕಿನಂತಹ ಮೂತಿಯುಳ್ಳ ಈ ಪುಟ್ಟ ಪಾತ್ರೆಗೆ ಹೀರುವ ಬಲವೇ ಬೇಡ, ಗುರುತ್ವಾಕರ್ಷಣೆ ಸಾಕು. ತಮಿಳರಲ್ಲಿ ‘ಪಾಲಡೈ’ ಎನಿಸಿಕೊಂಡ ಇದನ್ನು ಇಂದಿನ ಶಿಶುವೈದ್ಯರೂ ಹೀರಲಾರದ ಎಳೆಗೂಸುಗಳಿಗೆ ಬಳಸುತ್ತಾರೆ.

ಆದರೆ ಅಜ್ಜಿಯಂದಿರ ಪಾತ್ರೆಯನ್ನು ಉಳಿಸಿಕೊಂಡು ಅವರ ಪದ್ಧತಿಯನ್ನು ಬಿಡಬೇಕು. ಕೂಸನ್ನು ನೀಡಿದ ಕಾಲುಗಳ ಮೇಲೆ ಅಂಗಾತ ಮಲಗಿಸಿ, ಅಳುತ್ತಿರುವಾಗಲೇ ಒಳಲೆಯನ್ನು ಬಗ್ಗಿಸಿಬಿಡುವುದು ಅಪಾಯಕರ; ಹಾಲು ಶ್ವಾಸನಾಳಕ್ಕೆ ಇಳಿದೀತು. ಲೆಕ್ಕ ಹಾಕಿ ನೋಡಿ. ಮೊದಲ ವಾರ ಕಳೆದ ಶಿಶುವಿಗೆ ದಿನಕ್ಕೆ ಕಿಲೋ ತೂಕಕ್ಕೆ ಸುಮಾರು ೧೫೦ ಮಿಲಿಲೀಟರು ಹಾಲು ಬೇಕು. ಮೂರು ಕಿಲೋ ಕೂಸಿಗೆ ೪೫೦. ಎಂಟು ಸಲಕ್ಕೆ ಹಂಚಿದರೆ ಸಲಕ್ಕೆ ಸುಮಾರು ೫೬. ಅರ್ಧ ಗಂಟೆಯಲ್ಲಿ ಇದನ್ನು ಕುಡಿಸಲು ನಿಮಿಷಕ್ಕೆ ಎರಡು ಮಿಲಿಲೀಟರೂ ಬೇಡ. ಆತುರವೇಕೆ? ಅರ್ಧ ಗಂಟೆಯನ್ನು ಮೀರಿ ಎಳೆಯಲೂ ಬಾರದು. ಬಂದ ಶಕ್ತಿ ಕುಡಿಯುವ ದುಡಿಮೆಯಲ್ಲೇ ವ್ಯಯವಾದೀತು. ಕೂಸನ್ನು ಸಾಕಷ್ಟು ನೆಟ್ಟಗೆ ಕೂರಿಸಿ ಹಿಡಿದರೆ ಹಾಲು ಮೂಗಿಗೇರುವುದು ಕಡಮೆಯಾಗುವುದು. ಸ್ವಲ್ಪ ಮೂಗಿನಿಂದ ಬಂದರೆ ಗಾಬರಿ ಬೇಡ, ನಿಲ್ಲಿಸಿ ಒರಸಿ ಮತ್ತೆ ಕುಡಿಸಬಹುದು. ಗಾಳಿಯನ್ನು ಹೆಚ್ಚಾಗಿ ನುಂಗುವುದರಿಂದ ನಡುನಡುವೆ ಹೆಗಲಿಗೆ ಹಾಕಿ ತೇಗಿಸಬೇಕು. ಸೀಳಿಗೆ ಫಲಕವೊಂದನ್ನು ಅಳವಡಿಸುವುದೂ ಉಂಟು. ಅದರಿಂದ ತೂಕ ಹೆಚ್ಚುವುದೆನ್ನಲು ಗಟ್ಟಿಯಾದ ಆಧಾರ ದೊರೆತಿಲ್ಲ.

ಎರೆಯುವಾಗ ಕೂಸಿನ ಮೂಗಿಗೆ ಎಣ್ಣೆ ಬಿಡುವ ನಮ್ಮ ರೂಢಿ ಯಾವ ಶಿಶುವಿಗೂ ಹಿತವಲ್ಲ. ಶ್ವಾಸಕೋಶಕ್ಕಿಳಿದ ಎಣ್ಣೆ ಅಲ್ಲಿಯೇ ನಿಂತು ಉರಿಯೂತವನ್ನುಂಟುಮಾಡುತ್ತದೆ. ಅಂಗುಳು ಸೀಳಿದ ಶಿಶುವಿಗೆ ಇದನ್ನು ಮಾಡಲೇಬಾರದು. ಜೇನುತುಪ್ಪವನ್ನು ಒಂದು ವರ್ಷ ತುಂಬುವವರೆಗೆ ನೆಕ್ಕಿಸಕೂಡದು.

ಬಾಯಿಯ ಶುಚಿತ್ವದ ಕ್ರಮ ಸರಳ. ಕುಡಿಸಿದ ಮೇಲೆ ಕಾಯಿಸಿ ಆರಿಸಿದ ನೀರನ್ನು ಸ್ವಲ್ಪ ಕೊಟ್ಟು, ಅದೇ ನೀರಿನಲ್ಲಿ ಅದ್ದಿದ ಮೆತ್ತನೆಯ ಶುಭ್ರವಾದ ಬಟ್ಟೆಯಿಂದ ಸೀಳಿನ ಅಂಚಿನಲ್ಲಿ ನಿಂತ ಹಾಲನ್ನು ಒರಸುವುದು. ಹತ್ತಿಯ ಎಳೆ ಅಂಟಿಕೊಳ್ಳುವುದರಿಂದ ಅದು ಬೇಡ. ಒಣಗಿದುದನ್ನು ಕೆರೆಯುವುದೂ ಬೇಡ. ಒಳಲೆಯನ್ನು ಪ್ರತಿಸಲವೂ ತೊಳೆದು ಕುದಿಸಬೇಕು. ಸೀಳಿನ ಬಳಿ ಹಲ್ಲುಗಳು ಓರೆಯಾಗಿಯೋ ಹೆಚ್ಚಾಗಿಯೋ ಹುಟ್ಟಿ ಬೇಗ ಹುಳುಕುವುದುಂಟು. ಆದುದರಿಂದ ಮೊದಲ ಹಲ್ಲು ಕಂಡಾಗಿನಿಂದಲೇ ಮೆದುವಾದ ಬ್ರಷ್ಷಿನ ಅಭ್ಯಾಸ ಮಾಡಿಸಬೇಕು. ಕಿವಿಯನ್ನೂ ಮರೆಯುವಂತಿಲ್ಲ. ಕಿವಿಯ ನಾಳವನ್ನು ತೆರೆಯುವ ಸ್ನಾಯು ಅಂಗುಳಿನಲ್ಲಿಯೇ ಇರುವುದರಿಂದ ಈ ಮಕ್ಕಳ ನಡುಗಿವಿಯಲ್ಲಿ ದ್ರವ ನಿಲ್ಲುವುದು ಸಾಮಾನ್ಯ. ಕಿವಿಯ ಪರೀಕ್ಷೆಗೂ, ಮುಂದೆ ಮಾತಿನ ಶಿಕ್ಷಣಕ್ಕೂ ೧೯೬೫ರಲ್ಲಿ ಮೈಸೂರಿನಲ್ಲಿ ಸ್ಥಾಪಿತವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಂತಹ ಕಡೆ ತಜ್ಞರಿದ್ದಾರೆ.

ಇಷ್ಟನ್ನೂ ಸರಿಯಾಗಿ ಮಾಡುತ್ತಿರುವೆವೇ ಎಂದು ತಿಳಿಯಲು ತಕ್ಕಡಿಗಿಂತ ಉತ್ತಮವಾದ ಉಪಕರಣವಿಲ್ಲ. ಅಂಗನವಾಡಿಯಲ್ಲಿ ಅದು ದೊರೆಯುವುದು. ಮೊದಲ ಮೂರು ತಿಂಗಳು ದಿನಕ್ಕೆ ಇಪ್ಪತ್ತರಿಂದ ಮೂವತ್ತು ಗ್ರಾಂ ಏರಬೇಕು. ವಾರಕ್ಕೊಮ್ಮೆ ತೂಗಿ ಬರೆದಿಡುವುದನ್ನು ಮನೆಯಲ್ಲಿರುವ ಕಾಲೇಜು ವಿದ್ಯಾರ್ಥಿಯೇ ವಹಿಸಿಕೊಳ್ಳಬಹುದು. ಎರಡು ವಾರವಾದರೂ ಹುಟ್ಟಿದಾಗಿನ ತೂಕಕ್ಕೆ ಕೂಸು ಮರಳದಿದ್ದರೆ ಅಂದೇ ಆಸ್ಪತ್ರೆಗೆ ಕರೆದೊಯ್ಯಬೇಕು. ಶಸ್ತ್ರಚಿಕಿತ್ಸೆಗೆ ಗೊತ್ತುಮಾಡಿದ ದಿನದವರೆಗೆ ಕಾಯಬಾರದು.